ಎರಡನೇ ಹಂಡೆ

ಮೊದಲು ಹೋದವನು ನಟ್ಟು. ಹದಿನೇಳು ವರ್ಷ ನಮ್ಮ ಆಸ್ಪತ್ರೆಯ ಮೆಕ್ಯಾನಿಕ್ ಆಗಿದ್ದವನು. ಯಂತ್ರಕ್ಕೆ ಕಿವಿಗೊಟ್ಟು ನಿಂತು, "ಇವಳಿಗೆ ಇವತ್ತು ನೆಗಡಿ" ಎಂದು ಕಾಯಿಲೆ ಹೇಳಿಬಿಡುತ್ತಿದ್ದ. ಒಂದು ಸೋಮವಾರ ಬೆಳಿಗ್ಗೆ ನೆಲಮಾಳಿಗೆಯ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಅವನ ಹೆಸರಿತ್ತು. ಊಟದ ಹೊತ್ತಿಗೆ ಅವನು ಉಪಕರಣಗಳ ಪೆಟ್ಟಿಗೆಯನ್ನು ಸ್ಟೋರಿಗೆ ಒಪ್ಪಿಸಿ, ಗೇಟ್ ಪಾಸು ಕೊಟ್ಟು ಹೋಗಿಯೂ ಆಗಿತ್ತು. ಯಾಕೆ ಎಂದು ಪಟ್ಟಿಯಲ್ಲಿ ಬರೆದಿರಲಿಲ್ಲ. ಕೇಳಲು ನಮ್ಮಲ್ಲಿ ಯಾರೂ ಮೇಲೆ ಹೋಗಲಿಲ್ಲ. ಕೇಳಿದವರ ಹೆಸರೇ ಮುಂದಿನ ಸೋಮವಾರ ಬಂದರೆ ಏನು ಗತಿ?

ನಾವಿದ್ದದ್ದು ಆಸ್ಪತ್ರೆಯ ತಳದಲ್ಲಿ, ಕ್ರಿಮಿಶುದ್ಧಿ ಕೋಣೆಯಲ್ಲಿ. ಆಪರೇಷನ್ನಿಗೆ ಬಳಸಿದ ಕತ್ತರಿ, ಇಕ್ಕಳ, ಮೂಳೆ ಕೊರೆಯುವ ಉಳಿ, ಸುತ್ತಿಗೆ ಎಲ್ಲವೂ ಸಣ್ಣ ಲಿಫ್ಟಿನಲ್ಲಿ ನಮ್ಮ ಬಳಿಗೆ ಇಳಿದು ಬರುತ್ತಿದ್ದವು. ಅವನ್ನು ತೊಳೆದು, ಒಣಗಿಸಿ, ದೀಪದ ಕೆಳಗೆ ಹಿಡಿದು ನೋಡಿ, ತಟ್ಟೆಯಲ್ಲಿ ಜೋಡಿಸಿ, ಹಸಿರು ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ ಮೂಟೆ ಕಟ್ಟಿ, ಟೇಪು ಹಚ್ಚಿ ಹಬೆಯಂತ್ರದೊಳಗೆ ಇಡುವುದು ನಮ್ಮ ಕೆಲಸ. ಆ ಯಂತ್ರಗಳಿಗೆ ಉದ್ದುದ್ದನೆಯ ಹೆಸರುಗಳಿದ್ದವು. ನಾವು ಹಂಡೆ ಎನ್ನುತ್ತಿದ್ದೆವು. ಒಂದನೇ ಹಂಡೆ, ಎರಡನೇ ಹಂಡೆ. ಆಳೆತ್ತರದ ಉಕ್ಕಿನ ಪೆಟ್ಟಿಗೆಗಳು. ಬಾಗಿಲು ಮುಚ್ಚಿ ಚಕ್ರ ತಿರುಗಿಸಿದರೆ ಒಳಗೆ ಹಬೆ ಬುಸುಗುಡುತ್ತಿತ್ತು. ಒಂದನೆಯದು ಆರು ವರ್ಷದ್ದು. ಎರಡನೆಯದು ನಾನು ಬರುವುದಕ್ಕೂ ಮುಂಚಿನಿಂದ ಅಲ್ಲಿತ್ತು.

ಕೋಣೆಗೆ ಯಜಮಾನಿ ದೊಡ್ಡಕ್ಕ. ಇಪ್ಪತ್ತೆರಡು ವರ್ಷದ ಸರ್ವಿಸು, ಬೆಳ್ಳಗಾದ ಕೂದಲನ್ನು ಟೋಪಿಯೊಳಗೆ ತುರುಕಿಕೊಂಡು, ಎರಡೂ ಮುಂಗೈಗಳ ಮೇಲೆ ಹಬೆಯ ಸುಟ್ಟ ಕಲೆಗಳನ್ನು ಹೊತ್ತ ಹೆಂಗಸು. ನಗು ಕಡಿಮೆ. ನನಗೆ ಕೆಲಸ ಕಲಿಸಿದವಳು ಅವಳೇ. ಮೊದಲ ದಿನವೇ ಹೇಳಿದ್ದಳು: "ಇಲ್ಲಿ ತಪ್ಪು ಮಾಡಿದ್ರೆ ನಿನಗೇನೂ ಆಗಲ್ಲ ಕಣೋ. ಯಾರಿಗೋ ಆಗತ್ತೆ, ಹತ್ತು ದಿನ ಆದ ಮೇಲೆ. ಅವರ ಮುಖಾನೂ ನೀನು ನೋಡಲ್ಲ. ಅದಕ್ಕೇ ಹೆದರಿಕೊಂಡು ಕೆಲಸ ಮಾಡಬೇಕು."

ಹದಿನಾಲ್ಕು ತಿಂಗಳಲ್ಲಿ ನಾವು ಮೂವರು ಆಡಳಿತಾಧಿಕಾರಿಗಳನ್ನು ಕಂಡೆವು. ಒಬ್ಬರು ಸಮವಸ್ತ್ರದ ಬಣ್ಣ ಬದಲಾಯಿಸಿ ಹೋದರು. ಇನ್ನೊಬ್ಬರು ಹಳೆಯ ಬಣ್ಣವನ್ನೇ ತಂದು ಹೋದರು. ಮೂರನೆಯವರು ಬಂದದ್ದು ಹೋಟೆಲುಗಳನ್ನು ನಡೆಸಿದ ಅನುಭವದಿಂದ. ಒಳ್ಳೆಯ ಅಂಗಿ, ಮೆತ್ತನೆಯ ದನಿ. ಮೊದಲ ಸಭೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಒಂದೇ ಒಂದು ಮಾತು ಕೇಳ್ಕೋತೀನಿ. ಎಲ್ಲರೂ ಪಾಸಿಟಿವ್ ಆಗಿರಿ" ಅಂದರು. ಹಿಂದಿನ ಸಾಲಿನಲ್ಲಿದ್ದ ಲ್ಯಾಬಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಆಸ್ಪತ್ರೆಯಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ. ಅಂದಿನಿಂದ ಅವರಿಗೆ ಪಾಸಿಟಿವ್ ಸಾಹೇಬರು ಎಂಬ ಹೆಸರೇ ಉಳಿಯಿತು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಸೋಮವಾರದ ಪಟ್ಟಿಗಳು ಶುರುವಾದದ್ದು ಅವರ ಕಾಲದಲ್ಲೇ.

ನಟ್ಟು ಹೋದ ಮೇಲೆ ಯಂತ್ರಗಳ ಉಸ್ತುವಾರಿಯನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿದರು. ತಿಂಗಳಿಗೊಮ್ಮೆ ಇಬ್ಬರು ಬಂದು, ಹಂಡೆಯ ಹೊರಮೈಯನ್ನು ಬಟ್ಟೆಯಿಂದ ಒರೆಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು.

ಹಂಡೆ ಸರಿಯಿದೆಯೇ ಎಂದು ತಿಳಿಯಲು ನಮಗೊಂದು ಪರೀಕ್ಷೆಯಿತ್ತು. ದಿನಾ ಬೆಳಿಗ್ಗೆ, ಮೊದಲ ಮೂಟೆ ಇಡುವ ಮುನ್ನ, ಮಡಚಿದ ಬಟ್ಟೆಗಳ ನಡುವೆ ಒಂದು ಹಳದಿ ಹಾಳೆ ಇಟ್ಟು ಖಾಲಿ ಹಂಡೆಯನ್ನು ಓಡಿಸಬೇಕು. ಹಬೆ ಒಳಗಿನ ತನಕ ತಲುಪಿದ್ದರೆ ಹಾಳೆ ಅಂಚಿನಿಂದ ಅಂಚಿಗೆ ಒಂದೇ ಸಮನೆ ಕಪ್ಪಾಗುತ್ತದೆ. ಹಂಡೆಯಲ್ಲಿ ಗಾಳಿ ಉಳಿದಿದ್ದರೆ ನಡುಮಧ್ಯೆ ಬಿಳಚಿದ ಕಲೆ ಉಳಿಯುತ್ತದೆ. ಮೂಟೆಯ ಮೇಲಿನ ಟೇಪೂ ಬಣ್ಣ ಬದಲಿಸುತ್ತದೆ, ಆದರೆ ಅದು ಹೇಳುವುದು ಹೊರಗೆ ಬಿಸಿ ತಾಕಿದೆ ಎಂದಷ್ಟೇ. ಒಳಗಿನ ಸಮಾಚಾರ ಟೇಪಿಗೆ ಗೊತ್ತಿಲ್ಲ.

ನಟ್ಟು ಹೋಗಿ ಮೂರು ವಾರವಾಗಿತ್ತು. ದೊಡ್ಡಕ್ಕ ಎರಡನೇ ಹಂಡೆಯ ಹಾಳೆ ತೆಗೆದು ದೀಪಕ್ಕೆ ಹಿಡಿದವಳು ಹಾಗೇ ನಿಂತುಬಿಟ್ಟಳು.

"ಬಾ ಇಲ್ಲಿ. ಏನು ಕಾಣತ್ತೆ ಹೇಳು."

ನಡುವೆ ಕಿರುಬೆರಳಿನ ಉಗುರಿನಷ್ಟು ಕಲೆ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.

"ಬೆಳಕಿಗೆ ಹಾಗೆ ಕಾಣ್ತಿರಬಹುದು ಅಕ್ಕ."

"ಬೆಳಕು ಇಪ್ಪತ್ತೆರಡು ವರ್ಷದಿಂದ ಇದೇ ಜಾಗದಲ್ಲಿದೆ" ಎಂದು ಹಾಳೆಯ ಮೂಲೆಯಲ್ಲಿ ತಾರೀಖು ಬರೆದು ಫೈಲಿಗೆ ಹಾಕಿದಳು. ಮಾರನೆಯ ದಿನ ಕಲೆ ಹೆಬ್ಬೆರಳಿನ ಉಗುರಿನಷ್ಟಾಯಿತು. ಆರನೆಯ ದಿನ ಕೋಳಿಮೊಟ್ಟೆಯಷ್ಟು. ಹಂಡೆ ಮಾತ್ರ ಎಂದಿನಂತೆ ಬುಸುಗುಡುತ್ತಿತ್ತು, ಹಸಿರು ದೀಪ ಎಂದಿನಂತೆ ಹತ್ತುತ್ತಿತ್ತು. ಬೆಳಿಗ್ಗೆ ಅವಳು ಹಾಳೆ ಬಿಚ್ಚುವಾಗ ನಾನು ಬೇರೆ ಕೆಲಸ ಹುಡುಕಿಕೊಂಡು ತಿರುಗಿ ನಿಲ್ಲುತ್ತಿದ್ದೆ.

ಬಾಗಿಲಿನ ಸುತ್ತಲಿನ ರಬ್ಬರು ಸವೆದಿದೆ, ಗಾಳಿ ಎಳೆದುಕೊಳ್ಳುತ್ತಿದೆ ಎಂಬುದು ಅವಳ ತೀರ್ಮಾನ. ಎರಡನೇ ಹಂಡೆಯನ್ನು ನಿಲ್ಲಿಸಿ, ಬಾಗಿಲಿಗೆ "ಬಳಸಬಾರದು" ಎಂದು ಬರೆದು ಅಂಟಿಸಿ ಸಾಹೇಬರಿಗೆ ಪತ್ರ ಬರೆದಳು. ಆ ವಾರ ಮೇಲೆ ಹೊಸ ಆಪರೇಷನ್ ಥಿಯೇಟರು ತೆರೆದಿದ್ದರು. ಮೂಟೆಗಳ ಬೇಡಿಕೆ ದುಪ್ಪಟ್ಟಾಗಿತ್ತು. ಒಂದೇ ಹಂಡೆಯಲ್ಲಿ ಎಷ್ಟೆಂದು ಬೇಯಿಸುವುದು? ಥಿಯೇಟರಿನ ನರ್ಸುಗಳು ಮೂಟೆ ಕೊಡುವ ಕಿಟಕಿಯ ಬಳಿ ನಿಂತು ಕೂಗಾಡತೊಡಗಿದರು. ಮೂರನೆಯ ದಿನ ಸಾಹೇಬರೇ ಇಳಿದು ಬಂದರು.

"ನೀವು... ಬಟ್ಟೆ ವಿಭಾಗದವರಲ್ವಾ?" ಎಂದು ದೊಡ್ಡಕ್ಕನನ್ನು ಕೇಳಿದರು. ಅದು ಅವರ ಐದನೆಯ ಭೇಟಿ.

ಅವಳು ಫೈಲು ತೆರೆದು, ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ಒಂಬತ್ತು ಹಾಳೆ. ಕಲೆ ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಬರುವುದು ಕುರುಡರಿಗೂ ಕಾಣುವಂತಿತ್ತು.

ಸಾಹೇಬರು ನೋಡಿದರು. "ಯಂತ್ರ ಓಡ್ತಿದೆ ತಾನೆ?"

"ಓಡತ್ತೆ ಸರ್. ಆದ್ರೆ ಒಳಗಿರೋದು ಸಾಯ್ತಿಲ್ಲ."

"ಹಸಿರು ದೀಪ ಬರ್ತಿದೆ?"

"ಬರತ್ತೆ."

"ಮತ್ತೆ? ಒಂದು ಕಾಗದ ನೋಡ್ಕೊಂಡು ಅಷ್ಟು ದೊಡ್ಡ ಯಂತ್ರ ನಿಲ್ಲಿಸಿಬಿಡ್ತೀರಾ? ಮೇಲೆ ಪೇಷಂಟುಗಳು ಕಾಯ್ತಿದ್ದಾರಮ್ಮ. ನಿಮಗೆ ಕನಿಕರ ಬೇಡ್ವಾ?" ದನಿ ಒಂದಿಷ್ಟೂ ಏರಲಿಲ್ಲ. ಹಾಳೆಗಳನ್ನು ತಾವೇ ಒಟ್ಟು ಮಾಡಿ ಫೈಲಿಗೆ ಸೇರಿಸಿ, "ನೋಡಿ ಕೊಡ್ತೀನಿ" ಎಂದು ಕಂಕುಳಲ್ಲಿಟ್ಟುಕೊಂಡು ಹೊರಟರು. ಆ ಫೈಲನ್ನು ಆಮೇಲೆ ಯಾರೂ ಕಾಣಲಿಲ್ಲ.

ಮುಂದಿನ ಸೋಮವಾರದ ಪಟ್ಟಿಯಲ್ಲಿ ಎರಡು ಹೆಸರಿದ್ದವು. ದೊಡ್ಡಕ್ಕನನ್ನು ಕೊಳೆಬಟ್ಟೆ ಎಣಿಸುವ ಕೋಣೆಗೆ ಹಾಕಿದ್ದರು. ಕ್ರಿಮಿಶುದ್ಧಿ ಕೋಣೆಯ ಉಸ್ತುವಾರಿ ನನಗೆ.

ಅವಳು ಟೋಪಿ, ಚಪ್ಪಲಿ, ಕನ್ನಡಕದ ಡಬ್ಬಿ ಎತ್ತಿಕೊಂಡಳು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ: "ಫ್ರಿಜ್ಜಿನಲ್ಲಿ ಎರಡು ಬಾಟಲಿ ಇದೆ. ಎರಡನೇ ಹಂಡೆ ಓಡಿಸೋ ಮುಂಚೆ ಅದನ್ನ ಒಳಗಿಟ್ಟು ನೋಡು. ನನ್ನ ಮಾತು ನಂಬಬೇಡ, ಬಾಟಲಿ ಮಾತು ನಂಬು."

ಆ ದಿನ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಕುರ್ಚಿಯಿಂದ ಏಳಲು ಹೋಗಿ, ಹೊಟ್ಟೆ ಹಿಡಿದುಕೊಂಡು ಮತ್ತೆ ಕೂತಳು. ಅವಳಿಗೆ ಎಂಟನೇ ತಿಂಗಳು. "ಅಂತೂ ನಿಮ್ಮನ್ನ ಒಬ್ಬರು ಗುರುತಿಸಿದ್ರಲ್ಲ!" ಅಂದಳು. ಅವಳ ಕಣ್ಣಲ್ಲಿ ನೀರು. ಎಂಟು ವರ್ಷದಲ್ಲಿ ಆ ಕಟ್ಟಡದೊಳಗೆ ನನಗೆ ಯಾರೂ ಭೇಷ್ ಅಂದಿರಲಿಲ್ಲ. ಬಾಗಿಲ ಬಳಿಯ ಗಾಜಿನ ಗೂಡು, ಅದರೊಳಗಿನ ತಿರುಗುವ ಕುರ್ಚಿ ಈಗ ನನ್ನದು ಎಂದುಕೊಂಡಾಗ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂರನೆಯ ದಿನ ಮೇಲಿಂದ ಫೋನು ಬಂತು. ಎರಡೂ ಹಂಡೆ ಓಡಬೇಕು. ನಾನು ಬಾಗಿಲಿನ ಮೇಲಿದ್ದ ಚೀಟಿಯನ್ನು ಕಿತ್ತೆ. ಬೆಳಗಿನ ಹಾಳೆಯನ್ನು ಸ್ಟೋರಿನವರು ಕೊಡುವುದನ್ನೇ ನಿಲ್ಲಿಸಿದ್ದರು. ಖಾಲಿ ಹಂಡೆ ಓಡಿಸುವುದು ಸಮಯ ದಂಡ ಎಂದು ಸುತ್ತೋಲೆ ಬಂದಿತ್ತು. ದೊಡ್ಡಕ್ಕ ಮೊದಲಿನಿಂದಲೂ ಸ್ವಲ್ಪ ಜಾಸ್ತಿಯೇ ಹೆದರುವ ಹೆಂಗಸು ಎಂದು ನನಗೆ ನಾನೇ ಹೇಳಿಕೊಂಡೆ. ಚಕ್ರ ತಿರುಗಿಸಿದೆ. ಹಸಿರು ದೀಪ ಹತ್ತಿತು.

ಬಾಟಲಿಗಳನ್ನು ನಾನು ಮುಟ್ಟಿದ್ದು ಹತ್ತನೆಯ ದಿನ. ಬೆರಳುದ್ದದ ಗಾಜಿನ ಬಾಟಲಿ, ಒಳಗೆ ನೇರಳೆ ನೀರು. ಅದರಲ್ಲಿ ಸುಲಭಕ್ಕೆ ಸಾಯದ ಕ್ರಿಮಿಗಳಿರುತ್ತವೆ. ಮೂಟೆಯ ನಡುವೆ ಇಟ್ಟು ಹಂಡೆಯಲ್ಲಿ ಬೇಯಿಸಿ, ಆಮೇಲೆ ಒಂದು ದಿನ ಬೆಚ್ಚಗಿಟ್ಟು ನೋಡಬೇಕು. ನೇರಳೆಯಾಗಿಯೇ ಉಳಿದರೆ ಸತ್ತಿವೆ. ಹಳದಿಯಾದರೆ ಬದುಕಿವೆ.

ಮಾರನೆಯ ಬೆಳಿಗ್ಗೆ ಬಾಟಲಿ ಹಳದಿಯಾಗಿತ್ತು.

ಅದನ್ನು ಜೇಬಿಗೆ ಹಾಕಿಕೊಂಡು ಮೇಲೆ ಹೋದೆ. ಸಾಹೇಬರು ನನ್ನನ್ನು ಕೂರಿಸಿದರು. ಟೀ ತರಿಸಿದರು. "ನೀವು ಬಂದ ಮೇಲೆ ಒಂದು ಕೇಸೂ ಮುಂದಕ್ಕೆ ಹೋಗಿಲ್ಲ, ಗೊತ್ತಾ? ವೆರಿ ಗುಡ್. ಇನ್ನೊಂದು ಸಲ ಮಾಡಿ ನೋಡಿ" ಅಂದರು.

ಇನ್ನೊಂದು ಸಲ ಮಾಡಿದೆ. ಅದೂ ಹಳದಿ.

"ಬಾಟಲಿಗಳು ಹಳೇವು ಇರಬೇಕು. ಹೊಸದು ತರಿಸೋಣ. ಅಲ್ಲೀತನಕ ಕೆಲಸ ನಿಲ್ಲಬಾರದು."

ಬಾಟಲಿಯ ಮೇಲೆ ತಾರೀಖಿತ್ತು. ಇನ್ನೂ ಹನ್ನೊಂದು ತಿಂಗಳು ಬಾಳಿಕೆ. ನಾನು ಅದನ್ನು ಮೆಟ್ಟಿಲ ಮೇಲೆ ಹತ್ತುವಾಗಲೇ ಓದಿದ್ದೆ. ಬಾಯಿ ತೆರೆದೆ, "ಆಯ್ತು ಸರ್" ಎಂಬ ಮಾತು ಬಂತು. ಕೆಳಗೆ ಬಂದು ಎರಡೂ ಬಾಟಲಿಗಳನ್ನು ಹಳೆಯ ಕೈಗವಸಿನಲ್ಲಿ ಸುತ್ತಿ ನನ್ನ ಲಾಕರಿನ ಹಿಂಭಾಗಕ್ಕೆ ತಳ್ಳಿದೆ. ಯಾಕೆ ಎಸೆಯಲಿಲ್ಲವೋ ಗೊತ್ತಿಲ್ಲ. ರಿಜಿಸ್ಟರಿನಲ್ಲಿ "ಪರೀಕ್ಷೆ: ಸರಿಯಿದೆ" ಎಂಬಲ್ಲಿ ಸಹಿ ಹಾಕಿದೆ. ಮೊದಲ ಸಹಿ ಹಾಕುವ ಮುನ್ನ ಒಮ್ಮೆ ಬಾಗಿಲ ಕಡೆ ನೋಡಿದೆ. ಆಮೇಲಿನವಕ್ಕೆ ನೋಡಲಿಲ್ಲ.

ಹೊಸ ಬಾಟಲಿಗಳು ಬರಲಿಲ್ಲ. ತಿಂಗಳ ಕೊನೆಗೆ ಮುಂಬಾಗಿಲ ಹತ್ತಿರದ ಗೋಡೆಯಲ್ಲಿ "ತಿಂಗಳ ನೌಕರ" ಎಂದು ನನ್ನ ಫೋಟೋ ಬಂತು. ಅದರ ಕೆಳಗೇ ಜನ ಸ್ಟ್ರೆಚರ್ ತಳ್ಳಿಕೊಂಡು ಹೋಗುತ್ತಿದ್ದರು. ನಾನು ಹಿಂಬಾಗಿಲಿನಿಂದ ಓಡಾಡತೊಡಗಿದೆ.

ಇಪ್ಪತ್ತೇಳನೆಯ ದಿನ ನನ್ನ ಹೆಂಡತಿಗೆ ನೋವು ಶುರುವಾಯಿತು. ಅದೇ ಆಸ್ಪತ್ರೆ. ಮಗು ಅಡ್ಡ ತಿರುಗಿದೆ, ಹೊಟ್ಟೆ ಕುಯ್ಯಬೇಕು ಎಂದು ಡಾಕ್ಟರು ಹೇಳಿದಾಗ ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಮೆಟ್ಟಿಲಿಳಿದು ಕೆಳಗೆ ಓಡಿದೆ. ಕಿಟಕಿಯ ಬಳಿ ಎರಡನೇ ಹಂಡೆಯ ಮೂಟೆಗಳು, ಯಾವ ಆಪರೇಷನ್ನಿಗೂ ಬೇಕಾಗುವ ಕತ್ತರಿ ಇಕ್ಕಳಗಳವು, ಸಿದ್ಧವಾಗಿದ್ದವು. ನಾನು ಅವನ್ನು ಪಕ್ಕಕ್ಕೆ ಸರಿಸಿದೆ. ಒಂದನೇ ಹಂಡೆಯಿಂದ ಆಗಷ್ಟೇ ತೆಗೆದಿದ್ದ, ಇನ್ನೂ ಬಿಸಿಯಾರದ ಒಂದು ಮೂಟೆಯನ್ನು ಎತ್ತಿಕೊಂಡೆ. ಪ್ರತಿ ಮೂಟೆಗೂ ಹಂಡೆಯ ಸಂಖ್ಯೆ ಬರೆದ ಚೀಟಿ ಅಂಟಿಸಬೇಕು. 1 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ನಾನೇ ಕೈಯಲ್ಲಿ ಹಿಡಿದುಕೊಂಡು ಮೇಲೆ ಹೋಗಿ ಥಿಯೇಟರ್ ಸಿಸ್ಟರಿಗೆ ಕೊಟ್ಟೆ. "ಇದನ್ನೇ ತಗೊಳ್ಳಿ ಸಿಸ್ಟರ್, ಬೇರೆ ಬೇಡ" ಅಂದೆ. ಗಂಡಂದಿರ ಗಾಬರಿ ಎಂದುಕೊಂಡು ಆಕೆ ನಕ್ಕರು.

ಹೆಣ್ಣುಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅದೇ ಹೊತ್ತಿಗೆ ಪಕ್ಕದ ಥಿಯೇಟರಿನಲ್ಲಿ ಯಾರದೋ ಮೊಣಕಾಲು ತೆರೆದಿದ್ದರು; ಅಲ್ಲಿಗೆ ಹೋದದ್ದು ನಾನು ಪಕ್ಕಕ್ಕೆ ಸರಿಸಿದ್ದ ಮೂಟೆ.

ಮುಂದಿನ ವಾರ ಒಂದು ಮಧ್ಯಾಹ್ನ ದೊಡ್ಡಕ್ಕ ಗಾಜಿನ ಗೂಡಿನ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಕೊಳೆಬಟ್ಟೆ ಕೋಣೆಯ ದಪ್ಪ ರಬ್ಬರು ಏಪ್ರನ್ನು ಕಟ್ಟಿಕೊಂಡಿದ್ದಳು.

"ಮೂಳೆ ವಾರ್ಡಿನ ಬೆಡ್‌ಶೀಟು ಎಣಿಸ್ತೀನಿ ದಿನಾ" ಎಂದಳು. "ಮೊದಲು ವಾರಕ್ಕೊಂದು ಕೀವಿನ ಕಲೆ ಬಂದ್ರೆ ಹೆಚ್ಚು. ಈಗ ದಿನಕ್ಕೆ ನಾಲ್ಕು. ನಿನ್ನೆ ಆರು. ವಾಸನೆ ಬರತ್ತೆ, ಚೀಲ ಬಿಚ್ಚೋಕೆ ಮುಂಚೆನೇ."

ನಾನು ರಿಜಿಸ್ಟರಿನ ಹಾಳೆ ತಿರುವಿದೆ.

"ಬಾಟಲಿ ಏನಾಯ್ತು?"

"ಸರಿಯಾಗೇ ಬಂತು ಅಕ್ಕ. ನೇರಳೆ."

ಅವಳು ಒಳಗೆ ಬಂದು, ಏಪ್ರನ್ನಿನ ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಮೇಜಿನ ಮೇಲೆ ಅಂಟಿಸಿದಳು. ಮೂಟೆ ಸುತ್ತಿದ ಹಸಿರು ಬಟ್ಟೆಗಳೂ ಒಗೆಯಲು ಅವಳಲ್ಲಿಗೇ ಹೋಗುತ್ತಿದ್ದವು. ಅದನ್ನು ನಾನು ಮರೆತೇಬಿಟ್ಟಿದ್ದೆ.

"ಇದು ಹೆರಿಗೆ ವಾರ್ಡಿಂದು, ನಿನ್ನ ಮಗಳು ಹುಟ್ಟಿದ ದಿನದ್ದು. ಆ ದಿನ ಬಂದ ಚೀಟಿಗಳಲ್ಲಿ ಎರಡನೇ ಹಂಡೆದೇ ಜಾಸ್ತಿ. ಒಂದು ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿರೋದು ಇದೊಂದೇ. ಕೈಬರಹ ನಿಂದು." ಗೆರೆಗಳ ಮೇಲೆ ಬೆರಳಿಟ್ಟು ಕೇಳಿದಳು: "ನೇರಳೆ ಬಂದಿದ್ರೆ ಗೆರೆ ಯಾಕೆ ಎಳೆದೆ?"

ಅವಳು ಬೈದಿದ್ದರೆ ನಾನೂ ಏನೋ ಒಂದು ಹೇಳುತ್ತಿದ್ದೆ. ಸಾಹೇಬರು, ಸೋಮವಾರದ ಪಟ್ಟಿ, ಬಸುರಿ ಹೆಂಡತಿ ಎಂದೆಲ್ಲ. ಅವಳು ಬೈಯಲಿಲ್ಲ. ಉತ್ತರಕ್ಕೆ ಕಾದು ನಿಂತಳು. ನಾನು ಎದ್ದು ಹೋಗಿ ಲಾಕರು ತೆರೆದು, ಕೈಗವಸಿನ ಗಂಟನ್ನು ತಂದು ಅವಳ ಕೈಗಿಟ್ಟೆ. ಅವಳು ಬಿಚ್ಚಿ ನೋಡಿದಳು. ಎರಡು ಹಳದಿ ಬಾಟಲಿ.

"ಎಷ್ಟು ದಿನ ಆಯ್ತು?"

"ಹಂಡೆ ಹಚ್ಚಿ ಮೂವತ್ತನಾಲ್ಕು ದಿನ."

ಅವಳ ಮುಖ ಒಮ್ಮೆಲೇ ಮುದಿಯಾಯಿತು. ಎರಡನೇ ಹಂಡೆಯ ಹತ್ತಿರ ಹೋಗಿ, ಓಡುತ್ತಿದ್ದುದನ್ನು ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಆಮೇಲೆ ಏಪ್ರನ್ನನ್ನೂ ಬಿಚ್ಚದೆ ಮೆಟ್ಟಿಲು ಹತ್ತಿದಳು. ಬಾ ಎಂದು ಕರೆಯಲಿಲ್ಲ. ನಾನು ಹೋಗಲೂ ಇಲ್ಲ. ಮೇಲೆ ನಡೆದದ್ದನ್ನು ಆಮೇಲೆ ಥಿಯೇಟರ್ ಸಿಸ್ಟರು ಹೇಳಿದರು. ಕೊಳೆಬಟ್ಟೆಯ ಏಪ್ರನ್ನಿನಲ್ಲಿ ಥಿಯೇಟರಿನ ಕೆಂಪು ಗೆರೆ ದಾಟಿ ಒಳಗೆ ಬಂದವಳನ್ನು ತಡೆಯಲು ಇಬ್ಬರು ಓಡಿಬಂದರಂತೆ. ಮೂಳೆ ಡಾಕ್ಟರು ಕೈ ತೊಳೆಯುತ್ತಿದ್ದರು. ಅವಳು ಬಾಟಲಿಗಳನ್ನು ನಲ್ಲಿಯ ಕಟ್ಟೆಯ ಮೇಲೆ ಅವರ ಕಣ್ಣೆದುರಿಗೆ ನಿಲ್ಲಿಸಿದಳು.

"ಡಾಕ್ಟ್ರೇ, ನಿಮ್ಮ ಪೇಷಂಟುಗಳು ಯಾಕೆ ವಾಸಿಯಾಗ್ತಿಲ್ಲ ಅಂತ ನೀವು ಯೋಚನೆ ಮಾಡ್ತಿದ್ದೀರಲ್ವಾ? ಇದಕ್ಕೆ."

ಡಾಕ್ಟರು ಬಾಟಲಿ ನೋಡಿದರು. ನಲ್ಲಿ ಹರಿಯುತ್ತಲೇ ಇತ್ತು. ಮೇಜಿನ ಮೇಲೆ ಮಲಗಿಸಿದ್ದ ಮುದುಕನಿಗೆ ಇನ್ನೂ ಮತ್ತು ಕೊಟ್ಟಿರಲಿಲ್ಲ. "ಇವರನ್ನ ವಾರ್ಡಿಗೆ ವಾಪಸ್ ಕಳಿಸಿ" ಎಂದರಂತೆ. ಅಂದು ಎಲ್ಲ ಥಿಯೇಟರುಗಳೂ ನಿಂತವು. ನಾಲ್ಕು ದಿನ ತೆರೆಯಲಿಲ್ಲ.

ಆಮೇಲೆ ಮೂಟೆಗಳ ಲೆಕ್ಕ ತೆಗೆದರು. ಎರಡನೇ ಹಂಡೆಯಿಂದ ಹೊರಗೆ ಹೋದ ಮೂಟೆಗಳು ಆರುನೂರ ಹನ್ನೆರಡು. ಹುಣ್ಣು ಮಾಡಿಕೊಂಡು ವಾಪಸ್ ಬಂದವರು ಹನ್ನೊಂದು ಜನ. ಅವರಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರು, ಸೊಂಟದ ಮೂಳೆ ಜೋಡಿಸಿಕೊಂಡಿದ್ದವರು, ಆಪರೇಷನ್ ಆದ ಮೂರನೆಯ ವಾರ ತೀರಿಹೋದರು. ಇನ್ನೊಬ್ಬಳು ಬಸ್ ಓಡಿಸುವ ಹೆಂಗಸು. ಮೂವತ್ತೆಂಟು ವರ್ಷ. ನನ್ನ ಮಗಳು ಹುಟ್ಟಿದ ಹೊತ್ತಿನಲ್ಲಿ ಪಕ್ಕದ ಥಿಯೇಟರಿನಲ್ಲಿ ಮೊಣಕಾಲು ತೆರೆಸಿಕೊಂಡಿದ್ದವಳು ಅವಳೇ. ಮೂರು ಸಲ ಮತ್ತೆ ಕುಯ್ದು ತೊಳೆದರು. ಕಾಲು ಉಳಿಯಿತು, ಮಂಡಿ ಮಡಚುವುದು ಉಳಿಯಲಿಲ್ಲ. ಬಸ್ಸಿನ ಕ್ಲಚ್ಚು ಒತ್ತಲು ಬೇಕಾದದ್ದು ಆ ಕಾಲೇ.

ಉಳಿದ ಆರುನೂರು ಮೂಟೆ ಯಾರಿಗೆ ಬಳಕೆಯಾಗಿತ್ತೋ ಅವರಿಗೆಲ್ಲ ಪತ್ರ ಬರೆದು ಕರೆಸಬೇಕೆಂದು ಮೂಳೆ ಡಾಕ್ಟರು ಪಟ್ಟು ಹಿಡಿದರು. ಸುಮ್ಮನೆ ಜನರಲ್ಲಿ ಭಯ ಹುಟ್ಟಿಸುವುದು ಬೇಡ, ತೊಂದರೆ ಅಂತ ಬಂದವರನ್ನು ನೋಡಿದರೆ ಸಾಕು ಎಂದು ಮೇಲಿನವರು ತೀರ್ಮಾನಿಸಿದರು. ಪತ್ರ ಹೋಗಲಿಲ್ಲ.

ವಿಚಾರಣೆ ಎರಡು ತಿಂಗಳ ಬಳಿಕ ಒಂದು ಸರ್ಕಾರಿ ಕಚೇರಿಯ ಎರಡನೇ ಮಹಡಿಯಲ್ಲಿ ನಡೆಯಿತು. ಅಷ್ಟರಲ್ಲಿ ನನ್ನ ಹೆಸರು ಸೋಮವಾರದ ಪಟ್ಟಿಗೆ ಬಂದಾಗಿತ್ತು. ಮನೆ ಬಿಡುವಾಗ ಹೆಂಡತಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಹಿಂದಿನ ದಿನವಷ್ಟೇ ಅವಳಿಗೆ ಎಲ್ಲ ಹೇಳಿದ್ದೆ, ಗೆರೆ ಎಳೆದದ್ದನ್ನೂ. "ನನಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ" ಎಂದಷ್ಟೇ ಅಂದಿದ್ದಳು. ಈಗ ನನ್ನ ಅಂಗಿಯ ಕಾಲರು ಸರಿಮಾಡಿ ಬಾಗಿಲು ಹಾಕಿಕೊಂಡಳು.

ಪಾಸಿಟಿವ್ ಸಾಹೇಬರು ಮೊದಲು ಮಾತಾಡಿದರು. ಹಳೆಯ ಯಂತ್ರ, ಅನುಭವವಿಲ್ಲದ ನೌಕರ. ತಮಗೆ ಯಾರೂ ಬರವಣಿಗೆಯಲ್ಲಿ ತಿಳಿಸಿಲ್ಲ. ರಿಜಿಸ್ಟರಿನಲ್ಲಿ ದಿನದಿನವೂ "ಸರಿಯಿದೆ" ಎಂದು ಸಹಿಯಿದೆ, ತಾವು ಅದನ್ನು ನಂಬಿದ್ದೇ ತಪ್ಪು. ಅವರು ಹೇಳುವುದನ್ನು ಕೇಳುತ್ತಿದ್ದರೆ ನನಗೇ ಅವರ ಮೇಲೆ ಅಯ್ಯೋ ಅನ್ನಿಸುವಂತಿತ್ತು. ದೊಡ್ಡಕ್ಕನ ಪತ್ರವನ್ನು ವಿಚಾರಣಾಧಿಕಾರಿ ಕೇಳಿದರು. ಅಂಥ ಪತ್ರ ಕಚೇರಿಗೆ ಬಂದ ದಾಖಲೆಯೇ ಇಲ್ಲ ಎಂಬ ಉತ್ತರ ಬಂತು.

ನನ್ನ ಸರದಿ. ಅಧಿಕಾರಿ ಕನ್ನಡಕದ ಮೇಲಿಂದ ನೋಡುವ, ಸಣ್ಣ ದನಿಯ ಹೆಂಗಸು. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

"ಸಹಿ ನಿಮ್ಮದೇ?"

"ನನ್ನದೇ."

"ಪರೀಕ್ಷೆ ಸರಿ ಬಂದಿತ್ತಾ?"

"ಇಲ್ಲ. ಎರಡು ಸಲವೂ ಹಳದಿ ಬಂತು. ಸಾಹೇಬರಿಗೆ ತೋರಿಸಿದೆ. ಓಡಿಸಿ ಅಂದ್ರು. ಓಡಿಸಿದೆ."

"ತೋರಿಸಿದ್ದಕ್ಕೆ ಸಾಕ್ಷಿ?"

"ಇಲ್ಲ ಮೇಡಂ."

ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಬಸ್ಸಿನ ಹೆಂಗಸು ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದಳು, ಪಕ್ಕದಲ್ಲಿ ಊರುಗೋಲು. ಅಲ್ಲಿಗೇ ಮುಗಿಸಬಹುದಿತ್ತು. ಅಧಿಕಾರಿ ಪೆನ್ನು ಮುಚ್ಚುತ್ತಿದ್ದರು.

"ಇನ್ನೊಂದು ಹೇಳಬೇಕು" ಎಂದೆ. "ಬಾಟಲಿ ಹಳೇದು ಅಂತ ನಾನು ನಂಬಿದ್ದೆ ಅಂತ ಬರಕೋಬೇಡಿ. ನಂಬಿರಲಿಲ್ಲ. ನನ್ನ ಹೆಂಡತಿ ಹೆರಿಗೆಗೆ ಹೋದಾಗ ನಾನು ಅವಳಿಗೆ ಒಂದನೇ ಹಂಡೇದು ಕೊಟ್ಟೆ. ಎರಡನೇದನ್ನ ಪಕ್ಕಕ್ಕಿಟ್ಟೆ. ಅದು ಈ ಅಮ್ಮನಿಗೆ ಹೋಯ್ತು."

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿದ. ದೊಡ್ಡಕ್ಕ ತನ್ನ ಮುಂಗೈಯ ಕಲೆಗಳನ್ನು ಉಜ್ಜಿಕೊಳ್ಳುತ್ತ ನೆಲ ನೋಡುತ್ತಿದ್ದಳು.

ತೀರ್ಪು ಅಂಚೆಯಲ್ಲಿ ಬಂತು. ಇನ್ನು ಮುಂದೆ ಯಾವ ಆಸ್ಪತ್ರೆಯಲ್ಲೂ ನಾನು ಈ ಕೆಲಸ ಮಾಡುವ ಹಾಗಿಲ್ಲ. ಅದು ಸರಿಯಾದದ್ದೇ, ಈಗ ಒಂದು ಬಡಗಿ ಅಂಗಡಿಯಲ್ಲಿ ಉಳಿ, ಗರಗಸ ಮಸೆಯುತ್ತೇನೆ. ಅನುಮತಿಯಿಲ್ಲದೆ ಥಿಯೇಟರಿಗೆ ನುಗ್ಗಿದ್ದಕ್ಕೆ ದೊಡ್ಡಕ್ಕನಿಗೆ ಲಿಖಿತ ಎಚ್ಚರಿಕೆ. ಅವಳು ಇನ್ನೂ ಕೊಳೆಬಟ್ಟೆಯನ್ನೇ ಎಣಿಸುತ್ತಾಳೆ. ಎರಡನೇ ಹಂಡೆಯನ್ನು ತುಂಡುತುಂಡಾಗಿ ಕತ್ತರಿಸಿ ಸಾಗಿಸಿದರು. ಪಾಸಿಟಿವ್ ಸಾಹೇಬರನ್ನು ಅಲ್ಲಿಂದ ತೆಗೆದರು. ಅವರಿಗೀಗ ಬೇರೊಂದು ಊರಿನಲ್ಲಿ, ಇದರ ಮೂರರಷ್ಟು ದೊಡ್ಡ ಆಸ್ಪತ್ರೆ. ಅಲ್ಲಿಯೂ ಮೊದಲ ವಾರದಲ್ಲೇ ಮೆಕ್ಯಾನಿಕ್ಕುಗಳನ್ನು ಬಿಡಿಸಿದರೆಂದು ನಟ್ಟುವಿಗೆ ಯಾರೋ ಹೇಳಿದ್ದಾರೆ.

ವಿಚಾರಣೆಯ ದಿನ ಕೋಣೆಯಿಂದ ಹೊರಗೆ ಬಂದಾಗ ದೊಡ್ಡಕ್ಕ ನನ್ನ ಪಕ್ಕದಲ್ಲಿ ಸ್ವಲ್ಪ ದೂರ ನಡೆದಳು. "ಹೇಳಿದ್ದು ಒಳ್ಳೇದಾಯ್ತು" ಎಂದಳು. ಮತ್ತೆ, "ನಾನು ನಿನ್ನ ಜೊತೆ ಮಾತಾಡೋಕೆ ಇನ್ನೂ ಸ್ವಲ್ಪ ದಿನ ಬೇಕಾಗತ್ತೆ ಕಣೋ" ಎಂದು ಬೇರೆ ಬಾಗಿಲಿನಿಂದ ಹೋದಳು.

ಬಸ್ಸಿನ ಹೆಂಗಸು ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ನಾನು ಅವಳನ್ನು ದಾಟಿಯೇ ಹೋಗಬೇಕಿತ್ತು. ಹೊಡೆಯಬಹುದು, ಉಗಿಯಬಹುದು ಎಂದುಕೊಂಡೆ. ಹಾಗೇನಾದರೂ ಮಾಡಲಿ ಎಂದೂ ಅನ್ನಿಸಿತು.

"ಮಗು ಹೇಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ."

"ಗಂಡಾ, ಹೆಣ್ಣಾ?"

"ಹೆಣ್ಣು."

ತಲೆಯಾಡಿಸಿದಳು. ಊರುಗೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಮಡಚದ ಕಾಲನ್ನು ಪಕ್ಕದಿಂದ ತಿರುಗಿಸಿ ಇಳಿಸಿದಳು. ಆಮೇಲೆ ಇನ್ನೊಂದು ಕಾಲು. ನಾನು ಕೈ ಚಾಚಿದೆ. ಅವಳು ಅದನ್ನು ನೋಡಿ, ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಎರಡು ಮಹಡಿ, ನಲವತ್ತು ಮೆಟ್ಟಿಲು. ಅವಳು ಇಳಿದು ಮುಗಿಸುವ ತನಕ ನಾನು ಮೇಲೆಯೇ ನಿಂತಿದ್ದೆ.